ನಟ್ ಬ್ರೌನ್ ಏಲ್: ಬೆಂಕಿ ಕಂಡ ಬಾರ್ಲಿಯ ರುಚಿ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸ್ನೇಹಿತರೆ, ಇವತ್ತಿನ ಮಾತು ನಟ್ ಬ್ರೌನ್ ಏಲ್ ಎಂಬ ಕಂದು ಬಣ್ಣದ ಇಂಗ್ಲಿಷ್ ಬಿಯರನ್ನು ಕಾಳಿನಿಂದಲೇ ಆರಂಭಿಸಿ ಮನೆಯಲ್ಲಿ ತಯಾರಿಸುವ ಕುರಿತು. ಇದರಲ್ಲಿ ಬಾದಾಮಿಯಾಗಲಿ, ಹೇಜಲ್ ಬೀಜವಾಗಲಿ, ಗೋಡಂಬಿಯಾಗಲಿ ಇರುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬಾರ್ಲಿ, ನೀರು, ಕಹಿ ಕೊಡುವ ಹಾಪ್ಸ್ ಹೂವು, ಹುದುಗಿಸುವ ಯೀಸ್ಟ್ ಇವಿಷ್ಟೇ ಇದರ ಸಾಮಗ್ರಿ. ಹುರಿದ ಬೀಜವನ್ನು ನೆನಪಿಸುವ ಪರಿಮಳವೂ ಕಂದು ಬಣ್ಣವೂ ಬರುವುದು ಬಾರ್ಲಿ ಮೊಳೆತು ಒಣಗುವಾಗ ಕಂಡ ಬೆಂಕಿಯಿಂದ. ಆ ಕೆಲಸವನ್ನು ಮಾಲ್ಟ್, ಅಂದರೆ ಮೊಳೆಸಿ ಒಣಗಿಸಿದ ಕಾಳು, ತಯಾರಿಸುವವರು ನಮಗಿಂತ ಮೊದಲೇ ಮುಗಿಸಿರುತ್ತಾರೆ. ಮನೆಯಲ್ಲಿ ಬಿಯರ್ ಮಾಡುವವನಿಗೆ ಉಳಿದಿರುವುದು ಆ ರುಚಿಯನ್ನು ಹಾಳುಮಾಡದೆ, ಮತ್ತೊಂದರ ಅಡಿಯಲ್ಲಿ ಹೂತುಹಾಕದೆ, ಲೋಟದವರೆಗೆ ತರುವ ಹೊಣೆ. ನೀರಿನ ಆಯ್ಕೆ, ಮ್ಯಾಶಿನ (ಕಾಳನ್ನು ಬಿಸಿನೀರಿನಲ್ಲಿ ನೆನೆಸುವ ಹಂತದ) ಉಷ್ಣಾಂಶ, ಹಾಪ್ಸ್‌ನ ಪ್ರಮಾಣ, ಯೀಸ್ಟಿನ ತಳಿ ಹೀಗೆ ಮುಂದೆ ನಾನು ಹೇಳಲಿರುವ ಪ್ರತಿಯೊಂದು ನಿರ್ಧಾರವನ್ನೂ ಈ ಹೊಣೆಯ ದೃಷ್ಟಿಯಿಂದಲೇ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಾನೂನಿನ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ 1880ರ ಕಾಯ್ದೆಯೊಂದರ ಪ್ರಕಾರ ಮನೆಯಲ್ಲಿ ಬಿಯರ್ ಮಾಡುವುದಕ್ಕೂ ಪರವಾನಗಿ ಬೇಕಾಗಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಮಾಡಿದರು. ಅಂದಿನಿಂದ ಸ್ವಂತ ಬಳಕೆಗೆ, ಮಾರಾಟದ ಉದ್ದೇಶವಿಲ್ಲದೆ, ಮಾಡಿಕೊಳ್ಳಲು ಅಡ್ಡಿಯಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಇದೇ ಸ್ವಾತಂತ್ರ್ಯವನ್ನು ಕೊಟ್ಟಿತು, ಆದರೂ ಕೊನೆಯ ಎರಡು ರಾಜ್ಯಗಳು ಒಪ್ಪಿಕೊಳ್ಳಲು 2013ನೆಯ ಇಸವಿಯೇ ಬರಬೇಕಾಯಿತು. ಊರಿಗೆ ಹೋದಾಗ ಅಲ್ಲಿಯೂ ಒಂದು ಕೊಡ ಹಾಕೋಣವೆಂದು ಯಾರಾದರೂ ಯೋಚಿಸುತ್ತಿದ್ದರೆ ದಯವಿಟ್ಟು ಬಿಟ್ಟುಬಿಡಿ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಅಡಿಯಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಪಬ್‌ಗಳೆಲ್ಲ ಪರವಾನಗಿ ಪಡೆದೇ ನಡೆಯುತ್ತಿವೆ.

ಈ ಬಿಯರಿನ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಂದು ನಾವು ಬಳಸುವ ಕಾಳಿನ ಮಿಶ್ರಣ ಹೀಗೆಯೇ ಏಕಿದೆ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಕಂದು ಬಿಯರುಗಳೆಲ್ಲ ಕಂದು ಮಾಲ್ಟಿನಿಂದಲೇ ತಯಾರಾಗುತ್ತಿದ್ದವು. ಕಟ್ಟಿಗೆಯ ಉರಿಯ ಮೇಲೆ ಒಣಗಿಸಿದ ಆ ಮಾಲ್ಟಿಗೆ ಬಣ್ಣವೂ ಇತ್ತು, ಹೊಗೆಯ ವಾಸನೆಯೂ ಇತ್ತು. ಶತಮಾನದ ಕೊನೆಯ ಭಾಗದಲ್ಲಿ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ ಬಿಯರ್ ತಯಾರಕರ ಕೈಗೆ ಬಂದಾಗ ಒಂದು ಅಹಿತಕರ ಸತ್ಯ ಹೊರಬಿತ್ತು. ಅಗ್ಗವೆಂದು ಕೊಂಡ ಕಂದು ಮಾಲ್ಟಿಗಿಂತ ದುಬಾರಿಯೆನಿಸಿದ ಬಿಳಿಚು ಮಾಲ್ಟೇ ಸೇರಿಗೆ ಹೆಚ್ಚು ಸಕ್ಕರೆಯನ್ನು ಕೊಡುತ್ತಿತ್ತು, ಆದ್ದರಿಂದ ಲೆಕ್ಕದಲ್ಲಿ ಅದೇ ಅಗ್ಗವಾಗಿತ್ತು. ತಯಾರಕರು ಬಿಳಿಚು ಮಾಲ್ಟಿನ ಕಡೆಗೆ ವಾಲಿದರು, ಬಣ್ಣ ಹೋಯಿತು. ಕಳೆದುಹೋದ ಬಣ್ಣವನ್ನು ಕಾನೂನುಬದ್ಧವಾಗಿ ಮರಳಿ ತರುವ ದಾರಿಯನ್ನು 1817ರಲ್ಲಿ ಡೇನಿಯಲ್ ವೀಲರ್ ತೋರಿಸಿದರು. ಮಾಲ್ಟನ್ನು ತಿರುಗುವ ಉರುಳೆಯಲ್ಲಿ, ಕಾಫಿ ಬೀಜ ಹುರಿಯುವಂತೆ, ಸುಡದೆ ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಅವರು ಪೇಟೆಂಟ್ ಪಡೆದರು. ಸಕ್ಕರೆ ಕೊಡಲು ಬಿಳಿಚು ಮಾಲ್ಟಿನ ದೊಡ್ಡ ಪಾಲು, ಬಣ್ಣ ಮತ್ತು ಪರಿಮಳ ಕೊಡಲು ಹುರಿದ ಮಾಲ್ಟಿನ ಸಣ್ಣ ಪಾಲು ಎಂಬ ಇಂದಿನ ಸೂತ್ರ ಹುಟ್ಟಿದ್ದು ಹೀಗೆ.

ಸೀಸೆಯಲ್ಲಿ ಸಿಗುವ ಆಧುನಿಕ ಬ್ರೌನ್ ಏಲ್ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ಮ್ಯಾನ್ಸ್ ಬ್ರೌನ್ ಏಲ್ 1902ರದು. ಅದು ಸಿಹಿಯಾದ, ಶೇ 2.8ರಷ್ಟೇ ಆಲ್ಕೊಹಾಲ್ ಇರುವ ಮೃದು ಪಾನೀಯ. ಉತ್ತರದ ನ್ಯೂಕಾಸಲ್ ಬ್ರೌನ್ ಏಲನ್ನು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಪೋರ್ಟರ್ 1927ರಲ್ಲಿ ಮಾರುಕಟ್ಟೆಗೆ ತಂದರು. ಸಿಹಿ ಕಡಿಮೆಯಿರುವ ಒಣರುಚಿಯ, ತೆಳುಗೆಂಪು ಛಾಯೆಯ ಆ ಬಿಯರ್ ಒಂದೇ ಹಂಡೆಯದಾಗಿರಲಿಲ್ಲ, ಬಲವಾದದ್ದು ಮತ್ತು ಹಗುರವಾದದ್ದು ಎರಡನ್ನು ಬೆರೆಸಿ ಮಾಡಿದ್ದಾಗಿತ್ತು. ಅದಕ್ಕೆ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ದೊರಕಿತ್ತು. ಆಮೇಲೆ ಕಂಪನಿಯೇ ತಯಾರಿಕೆಯನ್ನು ಟೈನ್ ನದಿಯ ಆಚೆ ದಡದ ಗೇಟ್ಸ್‌ಹೆಡ್‌ಗೆ ಸಾಗಿಸಿದ್ದರಿಂದ, ನ್ಯೂಕಾಸಲ್ಲಿನಲ್ಲಿಯೇ ತಯಾರಾಗಬೇಕೆಂಬ ಷರತ್ತು ಮುರಿದು, ಆ ರಕ್ಷಣೆಯನ್ನು ಕೈಬಿಡಬೇಕಾಯಿತು. ಒಂದು ಹೊಳೆ ದಾಟಿದ್ದಕ್ಕೆ ಹಕ್ಕು ಹೋದ ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಮೂರನೆಯದು ಯಾರ್ಕ್‌ಷೈರಿನ ಟ್ಯಾಡ್‌ಕ್ಯಾಸ್ಟರ್ ಊರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯ ನಟ್ ಬ್ರೌನ್ ಏಲ್. 1758ರಿಂದ ನಡೆದುಬಂದಿರುವ ಆ ಬ್ರೂವರಿ ಇಂದಿಗೂ ತನ್ನದೇ ಬಾವಿಯ ನೀರನ್ನು ಬಳಸುತ್ತದೆ, ಕಲ್ಲಿನ ಚಪ್ಪಡಿಗಳ ತೊಟ್ಟಿಗಳಲ್ಲಿ ಹುದುಗಿಸುತ್ತದೆ. ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಬಹುಮಂದಿ ಮನಸ್ಸಿನಲ್ಲಿಟ್ಟುಕೊಂಡು ಹೊರಡುವ ಮಾದರಿ ಇದೇ. ನನ್ನ ಗುರಿಯೂ ಇದರ ಸುತ್ತಮುತ್ತಲಿನದೇ.

ಈಗ ಕಾಳಿನ ವಿಚಾರಕ್ಕೆ ಬರೋಣ. ಮಾಲ್ಟ್ ಎಂದರೇನು ಎಂಬುದನ್ನು ನಮ್ಮವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಹದವಾಗಿ ಹುರಿದು, ಬೀಸಿ ಮಕ್ಕಳಿಗೆ ಗಂಜಿ ಮಾಡಿಕೊಟ್ಟ ಮನೆಗಳಿಂದ ಬಂದವರು ನಾವು. ಮೊಳೆತ ರಾಗಿಯ ಹಿಟ್ಟಿನ ಗಂಜಿ ಸಾಮಾನ್ಯ ಹಿಟ್ಟಿನ ಗಂಜಿಗಿಂತ ತೆಳ್ಳಗಾಗುತ್ತದೆ, ತುಸು ಸಿಹಿಯೂ ಆಗುತ್ತದೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿ ಸಕ್ಕರೆಯಾಗಿಸುವುದೇ ಅದಕ್ಕೆ ಕಾರಣ. ಬಾರ್ಲಿಯಲ್ಲಿ ನಡೆಯುವುದೂ ಇದೇ. ಕಾಳನ್ನು ಸುಮಾರು ಎರಡು ದಿನ ನೆನೆಸಿ, ಬಸಿದು, ತಂಪಾದ ಜಾಗದಲ್ಲಿ ನಾಲ್ಕೈದು ದಿನ ಮೊಳೆಯಲು ಬಿಟ್ಟು, ಮೊಳಕೆ ಕಾಳಿನಷ್ಟು ಉದ್ದ ಬೆಳೆಯುವುದರೊಳಗೆ ಬಿಸಿಗಾಳಿ ಹಾಯಿಸಿ ಒಣಗಿಸುತ್ತಾರೆ. ಕಿಣ್ವ ಸಾಯದಷ್ಟು ಹದವಾದ ಶಾಖದಲ್ಲಿ ಒಣಗಿಸಿದರೆ ಅದು ಬಿಳಿಚು ಮಾಲ್ಟ್. ಅಲ್ಲಿಂದ ಮುಂದಕ್ಕೆ ಎಷ್ಟು ಶಾಖ, ಎಷ್ಟು ಹೊತ್ತು, ಶಾಖ ತಗುಲಿದಾಗ ಕಾಳಿನಲ್ಲಿ ಎಷ್ಟು ತೇವ ಎಂಬ ಮೂರು ಅಂಶಗಳ ಮೇಲೆ ಉಳಿದ ಎಲ್ಲ ಮಾಲ್ಟುಗಳ ಸ್ವಭಾವ ನಿಂತಿದೆ.

ಶಾಖ ಮಾಡುವ ಕೆಲಸಕ್ಕೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ ಅವರ ಹೆಸರಿದೆ. 1912ರಲ್ಲಿ ಅವರು ಪ್ರಕಟಿಸಿದ ಪ್ರತಿಕ್ರಿಯೆಯಲ್ಲಿ ಸಕ್ಕರೆಗಳೂ ಅಮೈನೋ ಆಮ್ಲಗಳೂ ಶಾಖದಲ್ಲಿ ಸೇರಿಕೊಂಡು, ಹಲವು ಹಂತಗಳನ್ನು ದಾಟಿ, ಕಂದು ಬಣ್ಣದ ವಸ್ತುಗಳನ್ನೂ ನೂರಾರು ಪರಿಮಳದ ಅಣುಗಳನ್ನೂ ಉಂಟುಮಾಡುತ್ತವೆ. ರೊಟ್ಟಿಯ ಮೇಲ್ಮೈ, ಹುರಿಗಡಲೆ, ಕಾಫಿ ಎಲ್ಲದರ ಪರಿಮಳದ ಮೂಲ ಇದೇ. ಈ ಅಣುಗಳಲ್ಲಿ ಪಿರಜೀನ್ ಎಂಬ ಗುಂಪು ಹುರಿದ ಬೀಜದ ಪರಿಮಳವನ್ನು ಕೊಡುತ್ತದೆ. ಹುರಿದ ಕಡಲೆಕಾಯಿ, ಹುರಿದ ಹೇಜಲ್, ಹುರಿದ ಮಾಲ್ಟ್ ಮೂರರಲ್ಲೂ ಈ ಗುಂಪಿನ ಅಣುಗಳಿರುವುದರಿಂದಲೇ ನಮ್ಮ ಮೂಗು ಒಂದರಲ್ಲಿ ಇನ್ನೊಂದನ್ನು ಗುರುತಿಸುತ್ತದೆ. ಆದ್ದರಿಂದ ಹೇಜಲ್ ಬೀಜದ ಸತ್ವವನ್ನು ಬಾಟಲಿಯಿಂದ ಸುರಿದು ನಟ್ ಬ್ರೌನ್ ಏಲ್ ಮಾಡುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕಾಳೇ ಕೊಡಬಲ್ಲದ್ದನ್ನು ಬಾಟಲಿಯಿಂದ ತಂದಾಗ ಅದು ಮಿಠಾಯಿಯ ವಾಸನೆಯಾಗಿ ಎಲ್ಲಕ್ಕಿಂತ ಮೇಲೆ ತೇಲುತ್ತದೆ.

ಬುಡದ ಕಾಳಾಗಿ ನಾನು ಆರಿಸುವುದು ಮಾರಿಸ್ ಆಟರ್ ಬಾರ್ಲಿಯ ಬಿಳಿಚು ಮಾಲ್ಟನ್ನು. ಇದು 1960ರ ದಶಕದ ಮಧ್ಯದಲ್ಲಿ ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯಲ್ಲಿ ಜಿ. ಡಿ. ಎಚ್. ಬೆಲ್ ಅವರ ನೇತೃತ್ವದಲ್ಲಿ ಪ್ರಾಕ್ಟರ್ ಮತ್ತು ಪಯೊನೀರ್ ತಳಿಗಳನ್ನು ಕೂಡಿಸಿ ಪಡೆದ ಚಳಿಗಾಲದ ಬಾರ್ಲಿ. ಹೊಸ ತಳಿಗಳು ಎಕರೆಗೆ ಇದಕ್ಕಿಂತ ಹೆಚ್ಚು ಇಳುವರಿ ಕೊಡುವುದರಿಂದ ಒಂದು ಕಾಲಕ್ಕೆ ಇದು ಅಧಿಕೃತ ಪಟ್ಟಿಯಿಂದಲೂ ಹೊರಬಿದ್ದಿತ್ತು. ರುಚಿಗಾಗಿ ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದ ಏಲ್ ತಯಾರಕರ ಹಟದಿಂದ ಉಳಿದುಕೊಂಡಿದೆ. ಬಿಸ್ಕತ್ತಿನಂಥ ಮಂದ ರುಚಿ ಇದರ ಗುಣ. ಜೊತೆಗೆ ಇದು ಕಿಣ್ವಗಳನ್ನು ಪೂರೈಸುವ ಕಾಳು ಕೂಡ ಹೌದು, ಏಕೆಂದರೆ ಹೆಚ್ಚು ಶಾಖ ಕಂಡ ಮಾಲ್ಟುಗಳಲ್ಲಿ ಕಿಣ್ವಗಳು ಸತ್ತಿರುತ್ತವೆ.

ಇಪ್ಪತ್ತು ಲೀಟರ್ ಬಿಯರಿಗೆ ಮಾರಿಸ್ ಆಟರ್ 3.8 ಕಿಲೊ ಬೇಕು. ಅದಕ್ಕೆ ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ, ಆಂಬರ್ ಮಾಲ್ಟ್ 200 ಗ್ರಾಂ, ಚಾಕೊಲೇಟ್ ಮಾಲ್ಟ್ 100 ಗ್ರಾಂ ಸೇರಿಸಿದರೆ ಒಟ್ಟು 4.4 ಕಿಲೊ ಆಗುತ್ತದೆ. ಕ್ರಿಸ್ಟಲ್ ಮಾಲ್ಟನ್ನು ಮೊಳೆತ ಹಸಿ ಕಾಳಿನಿಂದಲೇ ಮಾಡುತ್ತಾರೆ: ಒಣಗಿಸುವ ಮೊದಲು ತೇವ ಆರದಂತೆ ಬಿಸಿಯಲ್ಲಿಟ್ಟಾಗ ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಶಾಖ ಏರಿಸಿದಾಗ ಆ ಸಕ್ಕರೆ ಪಾಕಗಟ್ಟಿ ಗಾಜಿನಂತೆ ಗಟ್ಟಿಯಾಗುತ್ತದೆ. ಅದು ಟಾಫಿಯ ಸಿಹಿಯನ್ನೂ ನಾಲಿಗೆಯ ಮೇಲೆ ತುಸು ದಪ್ಪವನ್ನೂ ಕೊಡುತ್ತದೆ. ಆಂಬರ್ ಮಾಲ್ಟ್ ಒಣ ಮಾಲ್ಟನ್ನು ಹದವಾಗಿ ಹುರಿದದ್ದು. ನಾವು ಹುಡುಕುತ್ತಿರುವ ಬೀಜದ ರುಚಿಯ ಬಹುಪಾಲು ಈ 200 ಗ್ರಾಮಿನಲ್ಲಿದೆ ಎಂಬುದು ನನ್ನ ಅನುಭವ. ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಇಲ್ಲ, ಬಣ್ಣದಿಂದ ಬಂದ ಹೆಸರದು. ಇನ್ನೂರು ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಹುರಿದ ಅದರ ಕೆಲಸ ಇಲ್ಲಿ ಮುಖ್ಯವಾಗಿ ಬಣ್ಣ ಕೊಡುವುದು. ಪಾಕವಿಧಾನಗಳನ್ನು ಓದುವಾಗ ಅದನ್ನು 250, 300 ಗ್ರಾಂವರೆಗೂ ಏರಿಸಿರುವುದನ್ನು ನೀವು ಕಾಣುವಿರಿ. ಹಾಗೆ ಮಾಡಿದರೆ ಬರುವುದು ಪೋರ್ಟರ್ ಎಂಬ ಒಳ್ಳೆಯ ಕಪ್ಪು ಬಿಯರ್ ಆದೀತು, ನಟ್ ಬ್ರೌನ್ ಆಗುವುದಿಲ್ಲ. ಸುಟ್ಟ ಕಾಫಿಯ ಕಹಿ ಆಂಬರ್ ಮಾಲ್ಟಿನ ದನಿಯನ್ನು ಮುಳುಗಿಸಿಬಿಡುತ್ತದೆ. ಮೂರು ನಾಲ್ಕು ಬಗೆಯ ಕ್ರಿಸ್ಟಲ್ ಮಾಲ್ಟುಗಳನ್ನು ಒಟ್ಟಿಗೆ ಸುರಿಯುವ ಚಟವೂ ಅಷ್ಟೇ ಅನರ್ಥಕಾರಿ. ಸಿಹಿ ಮಾತ್ರ ಏರುತ್ತದೆ, ಎರಡನೆಯ ಲೋಟ ಬೇಡವೆನಿಸುತ್ತದೆ.

ನೀರಿನ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ, ಆದರೆ ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಅದೇ ಇರುತ್ತದೆ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಅಥವಾ ಕ್ಲೋರಮೀನ್ ಮಾಲ್ಟಿನ ಫೀನಾಲುಗಳ ಜೊತೆ ಸೇರಿದರೆ ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ಹುಟ್ಟುತ್ತದೆ, ಮತ್ತೆ ಅದನ್ನು ಯಾವ ಉಪಾಯದಿಂದಲೂ ತೆಗೆಯಲಾಗದು. ಎಲ್ಲ ನೀರಿಗೂ ಸೇರಿ ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಲವಣದ ಒಂದು ಮಾತ್ರೆಯನ್ನು ಪುಡಿಮಾಡಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಆ ಅಪಾಯ ದೂರವಾಗುತ್ತದೆ. ಎರಡನೆಯ ಸಂಗತಿ ಖನಿಜಗಳದು. ಇಂಗ್ಲೆಂಡಿನ ಬರ್ಟನ್ ಊರಿನ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರುಗಳಿಗೆ ಕೀರ್ತಿ ತಂದದ್ದು ಅಲ್ಲಿನ ನೀರಿನ ಸಲ್ಫೇಟ್. ಅದು ಹಾಪ್ಸ್‌ನ ಕಹಿಯನ್ನು ಹರಿತಗೊಳಿಸುತ್ತದೆ. ನಮಗೆ ಬೇಕಾದದ್ದು ಅದಲ್ಲ. ಮಾಲ್ಟಿನ ರುಚಿಯನ್ನು ದುಂಡಗಾಗಿಸುವುದು ಕ್ಲೋರೈಡ್. ಆದ್ದರಿಂದ ಕ್ಯಾಲ್ಸಿಯಂ ಸೇರಿಸಬೇಕಾದಾಗ ಜಿಪ್ಸಮ್ಮಿಗಿಂತ (ಕ್ಯಾಲ್ಸಿಯಂ ಸಲ್ಫೇಟಿಗಿಂತ) ಕ್ಯಾಲ್ಸಿಯಂ ಕ್ಲೋರೈಡನ್ನು ಆರಿಸುತ್ತೇನೆ. ಲಂಡನ್ನಿನಲ್ಲಿರುವವರು ತಮ್ಮ ನೀರು ಗಡಸೆಂದು ದೂರುವುದು ಸಹಜ, ಆದರೆ ಬ್ರೌನ್ ಏಲಿನ ವಿಷಯದಲ್ಲಿ ಅದು ಪೂರ್ತಿ ಶಾಪವಲ್ಲ. ಆ ನೀರಿನ ಬೈಕಾರ್ಬನೇಟ್ ಕ್ಷಾರಗುಣದ್ದು, ಹುರಿದ ಮಾಲ್ಟುಗಳು ಆಮ್ಲಗುಣದವು. ಒಂದು ಇನ್ನೊಂದನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ಲಂಡನ್ ಕಪ್ಪು ಬಿಯರುಗಳ ಊರಾದದ್ದಕ್ಕೆ ಇದೂ ಒಂದು ಕಾರಣ. ಮ್ಯಾಶಿನ ಪಿಎಚ್ 5.2ರಿಂದ 5.4ರ ನಡುವೆ ಇದ್ದರೆ ಸಾಕು.

ಮ್ಯಾಶ್ ಎಂದರೆ ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಪಿಷ್ಟವನ್ನು ಸಕ್ಕರೆಯಾಗಿಸುವ ಕ್ರಿಯೆ. ಕಾಳನ್ನು ಹಿಟ್ಟು ಮಾಡಬಾರದು. ಒಳಗಿನ ತಿರುಳು ಒಡೆಯಬೇಕು, ಮೇಲಿನ ಹೊಟ್ಟು ಆದಷ್ಟು ಇಡಿಯಾಗಿ ಉಳಿಯಬೇಕು, ಏಕೆಂದರೆ ಮುಂದೆ ಸೋಸುವಾಗ ಜರಡಿಯ ಕೆಲಸ ಮಾಡುವುದು ಆ ಹೊಟ್ಟೇ. 11.5 ಲೀಟರ್ ನೀರನ್ನು 75 ಡಿಗ್ರಿಗೆ ಕಾಯಿಸಿ, ಶಾಖ ಹೊರಹೋಗದಂಥ ಪಾತ್ರೆಯಲ್ಲಿ ಹಾಕಿ, ಕೋಣೆಯ ಉಷ್ಣಾಂಶದಲ್ಲಿರುವ ಕಾಳನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಗಂಟಿಲ್ಲದಂತೆ ಕಲಕಿದರೆ ಮಿಶ್ರಣ 67 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೆಳಗೆ ನಲ್ಲಿ ಜೋಡಿಸಿದ ಪಿಕ್ನಿಕ್ ಕೂಲ್ ಬಾಕ್ಸ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಹೊಳೆಯುವ ಸ್ಟೀಲಿನ ವಿದ್ಯುತ್ ಯಂತ್ರಗಳಿಗೆ ಹಣ ಸುರಿಯುವ ಮೊದಲು ನಂಬಿಕೆಗೆ ಅರ್ಹವಾದ ಒಂದು ಥರ್ಮಾಮೀಟರ್ ಕೊಳ್ಳಿರೆಂದು ಹೇಳುತ್ತೇನೆ, ಏಕೆಂದರೆ ಇಲ್ಲಿ ಎರಡು ಡಿಗ್ರಿಯ ವ್ಯತ್ಯಾಸವೂ ಲೋಟದಲ್ಲಿ ತಿಳಿಯುತ್ತದೆ.

ಅದರ ಕಾರಣ ಹೀಗಿದೆ. ಪಿಷ್ಟವನ್ನು ಒಡೆಯುವ ಕಿಣ್ವಗಳು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್ ಪಿಷ್ಟದ ಸರಪಳಿಯ ತುದಿಯಿಂದ ಮಾಲ್ಟೋಸ್ ಎಂಬ ಸಕ್ಕರೆಯನ್ನು ಒಂದೊಂದಾಗಿ ಕಡಿಯುತ್ತ ಬರುತ್ತದೆ; ಯೀಸ್ಟ್ ಆ ಸಕ್ಕರೆಯನ್ನು ಪೂರ್ತಿ ತಿನ್ನಬಲ್ಲದು. ಅದಕ್ಕೆ 60ರಿಂದ 65 ಡಿಗ್ರಿ ಹಿತ, ಅದನ್ನು ಮೀರಿದರೆ ಬೇಗ ಕೆಡುತ್ತದೆ. ಆಲ್ಫಾ ಅಮೈಲೇಸ್ ಸರಪಳಿಯನ್ನು ಎಲ್ಲೆಂದರಲ್ಲಿ ಕತ್ತರಿಸುತ್ತದೆ, 70ರ ಆಸುಪಾಸಿನಲ್ಲಿ ಚುರುಕಾಗಿರುತ್ತದೆ, ಮತ್ತು ಯೀಸ್ಟಿಗೆ ದಕ್ಕದ ಡೆಕ್ಸ್ಟ್ರಿನ್ ಎಂಬ ಉದ್ದ ತುಂಡುಗಳನ್ನು ಉಳಿಸುತ್ತದೆ. 63 ಡಿಗ್ರಿಯಲ್ಲಿ ಮ್ಯಾಶ್ ಮಾಡಿದರೆ ಬಿಯರ್ ತೆಳ್ಳಗೆ, ಒಣಗಿ ಬರುತ್ತದೆ, ಹುರಿದ ಮಾಲ್ಟಿನ ರುಚಿಗೆ ಆಸರೆಯಿಲ್ಲದೆ ಅದು ಒರಟಾಗಿ ಕೇಳಿಸುತ್ತದೆ. 70ರಲ್ಲಿ ಮಾಡಿದರೆ ಸಿಹಿಯೂ ಭಾರವೂ ಹೆಚ್ಚಿ ಕುಡಿಯುವವನನ್ನು ದಣಿಸುತ್ತದೆ. 67 ನಡುವಿನ ಒಪ್ಪಂದ. ಒಂದು ಗಂಟೆಯ ಬಳಿಕ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ ಒಂದು ತೊಟ್ಟು ಅಯೋಡಿನ್ ಬಿಡಿ: ಕಪ್ಪುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ, ಅಯೋಡಿನ್ನಿನ ಬಣ್ಣವೇ ನಿಂತರೆ ಕೆಲಸ ಮುಗಿದಿದೆ. ಆ ತಟ್ಟೆಯಲ್ಲಿರುವುದನ್ನು ಚೆಲ್ಲಬೇಕು, ಪಾತ್ರೆಗೆ ಮರಳಿ ಹಾಕಬಾರದು.

ಈಗ ದೊರೆತ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ನಲ್ಲಿಯನ್ನು ಕೊಂಚವೇ ತೆರೆದು ಮೊದಲು ಬರುವ ಕದಡಿದ ಒಂದೆರಡು ಲೀಟರನ್ನು ಕಾಳಿನ ಮೇಲೆಯೇ ಮೆಲ್ಲಗೆ ಮರಳಿ ಸುರಿಯುತ್ತಿದ್ದರೆ ಹೊಟ್ಟಿನ ಹಾಸು ಸರಿಯಾಗಿ ಕೂತು ರಸ ತಿಳಿಯಾಗುತ್ತದೆ. ಆಮೇಲೆ ಕಾಳಿನಲ್ಲಿ ಉಳಿದ ಸಕ್ಕರೆಯನ್ನು ತೊಳೆದುಕೊಳ್ಳಲು 76 ಡಿಗ್ರಿಯ ಸುಮಾರು 18 ಲೀಟರ್ ನೀರನ್ನು ನಿಧಾನವಾಗಿ ಹಾಯಿಸಬೇಕು. ಕಾಳು ಕಿಲೊಗೆ ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಂಡೆಯಲ್ಲಿ 25 ಲೀಟರ್ ದೊರೆಯುತ್ತದೆ. ನೀರು ಇದಕ್ಕಿಂತ ಬಿಸಿಯಾಗಿದ್ದರೆ, ಅಥವಾ ಸಕ್ಕರೆಯೆಲ್ಲ ಬಂದ ಮೇಲೂ ಆಸೆಯಿಂದ ತೊಳೆಯುತ್ತಲೇ ಹೋದರೆ, ಹೊಟ್ಟಿನ ಒಗರು ರಸಕ್ಕಿಳಿಯುತ್ತದೆ. ಸಭೆಯಲ್ಲಿ ಒಬ್ಬರು ಈ ಹಂತದಲ್ಲಿ, ಮೊಳೆತ ರಾಗಿಯನ್ನು ಬಾರ್ಲಿಯ ಬದಲಿಗೆ ಬಳಸಬಹುದೇ ಎಂದು ಕೇಳಿದರು. ರಾಗಿಯಲ್ಲಿ ಕಿಣ್ವಗಳಿವೆ, ಸಕ್ಕರೆಯೂ ಬರುತ್ತದೆ, ಆದರೆ ಬಾರ್ಲಿಗಿರುವಂಥ ಹೊಟ್ಟಿನ ಹೊದಿಕೆ ಅದಕ್ಕಿಲ್ಲ, ಕಾಳೂ ತೀರ ಸಣ್ಣದು. ಪೂರ್ತಿ ರಾಗಿಯನ್ನೇ ಬಳಸಿದರೆ ಈ ಪಾತ್ರೆಯಲ್ಲಿ ಅದು ಅಂಟಿನಂತೆ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯದು. ಹದವಾಗಿ ಹುರಿದ ರಾಗಿ ಮಾಲ್ಟನ್ನು ಆಂಬರ್ ಮಾಲ್ಟಿನ ಒಂದು ಪಾಲಿಗೆ ಬದಲಾಗಿ ಸೇರಿಸಬಹುದು. ಆದರೆ ಆಗ ಬರುವುದು ಬೇರೆಯೇ ಒಂದು ಬಿಯರ್, ಅದನ್ನು ಇಂಗ್ಲಿಷ್ ಬ್ರೌನ್ ಏಲ್ ಎಂದು ಕರೆಯುವುದು ಸರಿಯಲ್ಲ.

ಕುದಿಸುವುದು ಒಂದು ಗಂಟೆ. ಕುದಿ ಆರಂಭವಾದಾಗ ಮೇಲೇಳುವ ನೊರೆ ಹಂಡೆಯಿಂದ ಉಕ್ಕದಂತೆ ಎದುರಿಗೇ ನಿಂತಿರಬೇಕು. ಹಾಪ್ಸ್‌ನಲ್ಲಿ ಕೆಂಟ್ ಪ್ರಾಂತದ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 35 ಗ್ರಾಮನ್ನು ಆರಂಭದಲ್ಲಿಯೂ, ಫಗಲ್ ಎಂಬ ಇನ್ನೊಂದು ಇಂಗ್ಲಿಷ್ ತಳಿಯ 15 ಗ್ರಾಮನ್ನು ಮುಗಿಯಲು ಹತ್ತು ನಿಮಿಷವಿರುವಾಗಲೂ ಹಾಕಿದರೆ ಕಹಿ ಸುಮಾರು 24 ಐಬಿಯು (ಬಿಯರಿನ ಕಹಿಯನ್ನು ಅಳೆಯುವ ಮಾನ) ಆಗುತ್ತದೆ, ಇದು ಈ ಶೈಲಿಗೆ ಹೇಳಿಮಾಡಿಸಿದ ಪ್ರಮಾಣ. ಹಣ್ಣಿನ ಪರಿಮಳ ಬೀರುವ ಅಮೆರಿಕನ್ ಹಾಪ್ಸ್ ನನಗೆ ಇಷ್ಟವೇ, ಇಲ್ಲಿ ಮಾತ್ರ ಬೇಡ. ಕೊನೆಯಲ್ಲಿ ಐರಿಷ್ ಮಾಸ್ ಎಂಬ ಒಣ ಕಡಲಕಳೆಯನ್ನು ಒಂದು ಚಿಟಿಕೆ ಹಾಕಿದರೆ ಪ್ರೋಟೀನುಗಳು ಹೆಪ್ಪುಗಟ್ಟಿ ತಳ ಸೇರುತ್ತವೆ.

ಕುದಿ ಮುಗಿದ ಕ್ಷಣದಿಂದ ವರ್ಟ್ ಎಲ್ಲ ಸೂಕ್ಷ್ಮಜೀವಿಗಳಿಗೂ ಹಬ್ಬದೂಟ. ತಾಮ್ರದ ಸುರುಳಿಯೊಳಗೆ ತಣ್ಣೀರು ಹಾಯಿಸಿ ಆದಷ್ಟು ಬೇಗ 18 ಡಿಗ್ರಿಗೆ ಇಳಿಸಬೇಕು. ಇದಾದ ಮೇಲೆ ಅದನ್ನು ಮುಟ್ಟುವ ಪ್ರತಿಯೊಂದು ವಸ್ತುವೂ ತೊಳೆದು ನಂಜುನಿವಾರಕದಲ್ಲಿ ಅದ್ದಿದ್ದಾಗಿರಬೇಕು. ಹೈಡ್ರೋಮೀಟರಿನಲ್ಲಿ ಈಗ ಸಾಂದ್ರತೆ (ನೀರಿನದು 1.000 ಎಂಬ ಲೆಕ್ಕದಲ್ಲಿ) 1.048ರ ಸುತ್ತ ಕಾಣಬೇಕು. ಯೀಸ್ಟ್ ಹಾಕುವ ಮೊದಲು ಪಾತ್ರೆಯನ್ನು ಜೋರಾಗಿ ಅಲುಗಿಸಿ ಗಾಳಿ ಬೆರೆಸಬೇಕು, ಏಕೆಂದರೆ ಯೀಸ್ಟಿಗೆ ಮೊದಲ ಗಂಟೆಗಳಲ್ಲಿ ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲು ಆಮ್ಲಜನಕ ಬೇಕು. ಇಡೀ ತಯಾರಿಯಲ್ಲಿ ಬಿಯರಿಗೆ ಗಾಳಿ ಒಳ್ಳೆಯದಾಗುವ ಹೊತ್ತು ಇದೊಂದೇ. ಹುದುಗಿದ ಮೇಲೆ ಗಾಳಿ ಸೋಕಿದರೆ ನೆನೆದ ರಟ್ಟಿನ ರುಚಿ ಬರುತ್ತದೆ, ಮತ್ತು ಮೊದಲು ಕಾಣೆಯಾಗುವುದು ನಾವು ಇಷ್ಟು ಕಷ್ಟಪಟ್ಟು ತಂದ ಬೀಜದ ಪರಿಮಳವೇ.

ಯೀಸ್ಟ್ ಇಂಗ್ಲಿಷ್ ಏಲಿನ ತಳಿಯದೇ ಆಗಿರಲಿ. ಒಣ ಯೀಸ್ಟಿನ 11 ಗ್ರಾಮಿನ ಒಂದು ಪೊಟ್ಟಣ ಸಾಕು. ಈ ತಳಿಗಳು ಹಣ್ಣಿನ ನಸುವಾಸನೆಯನ್ನು ಕೊಡುತ್ತವೆ, ಕೆಲಸ ಮುಗಿದೊಡನೆ ಗುಂಪುಗೂಡಿ ತಳಕ್ಕಿಳಿದು ಬಿಯರನ್ನು ತಿಳಿಯಾಗಿಸುತ್ತವೆ. ಆದರೆ ಕೆಲವು ತಳಿಗಳು ಕೆಲಸ ಮುಗಿಯುವ ಮೊದಲೇ ಮಲಗಿಬಿಡುತ್ತವೆ. ಯಾರ್ಕ್‌ಷೈರಿನ ಕಲ್ಲಿನ ತೊಟ್ಟಿಗಳ ವಿನ್ಯಾಸದ ಹಿಂದಿರುವುದು ಈ ಸೋಮಾರಿತನವೇ: ಅವು ಎರಡು ಅಂತಸ್ತಿನವು, ನೊರೆಯೊಂದಿಗೆ ಮೇಲಕ್ಕೇರಿದ ಯೀಸ್ಟ್ ಮೇಲಂತಸ್ತಿನಲ್ಲಿ ನಿಲ್ಲುತ್ತದೆ, ಕೆಳಗಿನ ಬಿಯರನ್ನು ಪಂಪಿನಿಂದ ಮೇಲೆತ್ತಿ ಅದರ ಮೇಲೆ ಹರಿಸಿ ಯೀಸ್ಟನ್ನು ಮತ್ತೆ ಎಬ್ಬಿಸುತ್ತಾರೆ. ಮನೆಯಲ್ಲಿ ಮುಚ್ಚಳ ತೆರೆಯದೆ ಪಾತ್ರೆಯನ್ನು ಮೆಲ್ಲಗೆ ಸುತ್ತುವಂತೆ ಅಲುಗಿಸಿದರೆ ಅದೇ ಫಲ. ಮೊದಲ ಮೂರು ದಿನ ಉಷ್ಣಾಂಶ 18ರಿಂದ 20 ಡಿಗ್ರಿ ದಾಟದಿರಲಿ. ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಕೋಣೆಗಿಂತ ಪಾತ್ರೆಯ ಒಳಗು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಎಂಬುದನ್ನು ಮರೆಯಬಾರದು. ಬಿಸಿ ಏರಿದರೆ ಬೀಜದ ಪರಿಮಳದ ಜಾಗದಲ್ಲಿ ಬಣ್ಣ ತೆಳುವಾಗಿಸುವ ಥಿನ್ನರಿನ ವಾಸನೆ ಬರುತ್ತದೆ. ಗದ್ದಲ ಅಡಗಿದ ಮೇಲೆ ಮಾತ್ರ 20, 21 ಡಿಗ್ರಿಗೆ ಏರಲು ಬಿಟ್ಟು ಇನ್ನೂ ಕೆಲವು ದಿನ ಹಾಗೆಯೇ ಇಡಬೇಕು. ಯೀಸ್ಟ್ ತಾನೇ ಹೊರಬಿಟ್ಟ ಡೈಅಸಿಟೈಲ್ ಎಂಬ ಬೆಣ್ಣೆವಾಸನೆಯ ವಸ್ತುವನ್ನು ತಾನೇ ಹೀರಿಕೊಳ್ಳುವುದು ಈ ಬಿಡುವಿನಲ್ಲಿ. ಸಾಂದ್ರತೆ 1.012ರ ಹತ್ತಿರ ಬಂದು ಎರಡು ಮೂರು ದಿನ ಅಲುಗದೆ ನಿಂತರೆ ಹುದುಗುವಿಕೆ ಮುಗಿದಂತೆ. ಲೆಕ್ಕ ಹಾಕಿದರೆ ಆಲ್ಕೊಹಾಲ್ ಶೇ 4.7.

ಸೀಸೆಗೆ ತುಂಬುವಾಗ 20 ಲೀಟರಿಗೆ 90 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಬೇಕು. ಉಳಿದ ಯೀಸ್ಟ್ ಅದನ್ನು ತಿಂದು ಸೀಸೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಇದಕ್ಕಿಂತ ಹೆಚ್ಚು ಸಕ್ಕರೆ ಈ ಶೈಲಿಗೆ ಬೇಡ, ಗುಳ್ಳೆಗಳ ಚುರುಕು ಮಾಲ್ಟಿನ ಮೃದುತ್ವವನ್ನು ಕೆಡಿಸುತ್ತದೆ. ತೀರ ಹೆಚ್ಚಾದರೆ ಸೀಸೆ ಸಿಡಿಯುವ ಅಪಾಯವೂ ಇದೆ. ಸೀಸೆ ಕಂದು ಗಾಜಿನದಾಗಿರಲಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ವಸ್ತುಗಳು ಒಡೆದು ಗಂಧಕದ ದುರ್ವಾಸನೆಯ ಅಣುವಾಗುತ್ತವೆ. ನ್ಯೂಕಾಸಲ್ ಬ್ರೌನ್ ಏಲನ್ನು ತಿಳಿಗಾಜಿನ ಸೀಸೆಯಲ್ಲಿ ಮಾರಿದ್ದು ಬಣ್ಣ ತೋರಿಸಲು ಚೆಂದ, ಅನುಕರಿಸಲು ಯೋಗ್ಯವಲ್ಲ.

ಎರಡು ವಾರ ಕೋಣೆಯ ಬಿಸಿಯಲ್ಲಿಟ್ಟು, ಮತ್ತೆ ಮೂರು ವಾರ ತಂಪಿನಲ್ಲಿಟ್ಟ ಮೇಲೆ ಕುಡಿಯಲು ಸಿದ್ಧ. ಫ್ರಿಜ್ಜಿನಿಂದ ನೇರವಾಗಿ ತೆಗೆದು ಸುರಿದರೆ ರುಚಿಯ ಅರ್ಧ ಭಾಗ ಕಾಣುವುದೇ ಇಲ್ಲ. 12 ಡಿಗ್ರಿಯ ಸುಮಾರಿನಲ್ಲಿ ಕುಡಿಯಬೇಕು. ಮೊದಲ ಕೊಡದಲ್ಲಿ ಹುರಿದ ಕಹಿ ಮುಂದೆ ಬಂದಿದ್ದರೆ ಮುಂದಿನ ಸಲ ಚಾಕೊಲೇಟ್ ಮಾಲ್ಟನ್ನು 70 ಗ್ರಾಮಿಗೆ ಇಳಿಸಿ, ಇನ್ನೇನನ್ನೂ ಬದಲಿಸಬೇಡಿ. ಸಿಹಿ ಹೆಚ್ಚೆನಿಸಿದರೆ ಕ್ರಿಸ್ಟಲ್ ಮಾಲ್ಟನ್ನು ಕಡಿಮೆ ಮಾಡುವ ಮೊದಲು ಮ್ಯಾಶನ್ನು 66 ಡಿಗ್ರಿಗೆ ತನ್ನಿ. ಬೀಜದ ರುಚಿ ಸಾಲದೆನಿಸಿದವರು ಆಂಬರ್ ಮಾಲ್ಟನ್ನು 300 ಗ್ರಾಮಿಗೆ ಏರಿಸಬಹುದು; ಆದರೆ ಅಂಥ ಬಿಯರ್ ಆರಂಭದಲ್ಲಿ ಒಣ ರಸ್ಕಿನಂತೆ ಗಂಟಲು ಹಿಡಿಯುವುದರಿಂದ ಎರಡು ತಿಂಗಳು ತಂಪಿನಲ್ಲಿ ಇಟ್ಟೇ ತೆರೆಯಬೇಕು.